ಅಡಾಲೆಸೆನ್ಸ್ ಮೂರನೇ ಎಪಿಸೋಡ್: ಬ್ರಯೊನಿ ಆ ಹುಡುಗನಿಗೆ ಉತ್ತರ ಕೊಡ್ಬೇಕಿತ್ತಾ?

ತಡರಾತ್ರಿ_ನೋಡುಗ:
ನೆಟ್‌ಫ್ಲಿಕ್ಸ್‌ನ ಬ್ರಿಟಿಷ್ ಸೀರೀಸ್ ಅಡಾಲೆಸೆನ್ಸ್‌ನ ನಾಲ್ಕೂ ಎಪಿಸೋಡ್ ನೋಡಿ ಮುಗಿಸಿದ್ದೀನಿ, ಆದ್ರೆ ತಲೆಯಿಂದ ಹೋಗ್ತಾ ಇಲ್ದೇ ಇರೋದು ಮೂರನೇದು ಮಾತ್ರ. ಇನ್ನೂ ನೋಡಿಲ್ದೇ ಇರೋರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ, ಕೆಳಗೆ ಕಥೆ ಪೂರ್ತಿ ಬರುತ್ತೆ.

ಕೇಟಿ ಅನ್ನೋ ಶಾಲಾ ಹುಡುಗಿಯ ಕೊಲೆ ಆಗಿ ಏಳು ತಿಂಗಳಾಗಿದೆ, ಹದಿಮೂರು ವರ್ಷದ ಜೇಮಿ ಆರೋಪ ಹೊತ್ತು ಮಕ್ಕಳನ್ನ ಬಂಧನದಲ್ಲಿಡೋ ಸೆಕ್ಯೂರ್ ಸೆಂಟರ್‌ನಲ್ಲಿದ್ದಾನೆ, ಕೋರ್ಟ್‌ಗೆ ವರದಿ ಕೊಡೋಕೆ ಸೈಕಾಲಜಿಸ್ಟ್ ಬ್ರಯೊನಿ ಅವನನ್ನ ಮಾತಾಡಿಸೋಕೆ ಬರ್ತಾಳೆ. ಒಂದು ರೂಮು, ಒಂದು ಟೇಬಲ್ಲು, ಇಬ್ರೇ ಜನ. ಅವಳು ಬರುವಾಗ ಅವನಿಗೆ ಅಂತ ಮಾರ್ಷ್‌ಮ್ಯಾಲೋ ಹಾಕಿದ ಹಾಟ್ ಚಾಕ್ಲೇಟ್ ತರ್ತಾಳೆ, ತನ್ನ ಸ್ಯಾಂಡ್‌ವಿಚ್‌ನಲ್ಲಿ ಅರ್ಧ ಕೊಡ್ತಾಳೆ, ನಗ್ತಾಳೆ, ಅವನೂ ನಗ್ತಾನೆ, ನೋಡ್ತಾ ನೋಡ್ತಾ ನಮಗೂ ಅವನು ಮಗು ಅನ್ಸೋಕೆ ಶುರುವಾಗುತ್ತೆ. ಆಮೇಲೆ ಅಪ್ಪನ ಬಗ್ಗೆ, ಗಂಡಸು ಅಂದ್ರೆ ಏನು ಅನ್ನೋದ್ರ ಬಗ್ಗೆ ಕೇಳ್ತಾ ಕೇಳ್ತಾ ಅವನನ್ನ ಕೆರಳಿಸಿ, ಅವನು ಕಪ್ ಹೊಡೆದು ಬೀಳಿಸಿ ಕೂಗಾಡೋ ತನಕ ಹೋಗುತ್ತೆ. ಕೊನೆಗೆ ಇದೇ ನಮ್ಮ ಕೊನೇ ಭೇಟಿ ಅಂತಾಳೆ. ಅವನು ನನ್ನನ್ನ ಸ್ವಲ್ಪನಾದ್ರೂ ಇಷ್ಟ ಪಟ್ರಾ ಅಂತ ಗೋಳಾಡ್ತಾನೆ, ಇವಳು ಒಂದು ಮಾತೂ ಆಡಲ್ಲ, ಎಳ್ಕೊಂಡು ಹೋಗ್ತಾರೆ.

ನನ್ನ ಪ್ರಶ್ನೆ ಇಷ್ಟೇ. ಆ ಹುಡುಗ ಕೊಲೆ ಮಾಡಿದ್ದಾನೆ, ಅದ್ರಲ್ಲಿ ನನಗೆ ಅನುಮಾನ ಇಲ್ಲ, ಮೊದಲನೇ ಎಪಿಸೋಡ್‌ನಲ್ಲೇ ಸಿಸಿಟಿವಿಯಲ್ಲಿ ತೋರಿಸಿಬಿಡ್ತಾರೆ. ಆದ್ರೂ ಪ್ರೀತಿಯಿಂದ ಹತ್ರ ಕರೆದು ಬಾಯಿ ಬಿಡಿಸಿ, ಬೇಕಾಗಿದ್ದು ಸಿಕ್ಕಿದ ತಕ್ಷಣ ಎದ್ದು ಹೋಗೋದು ಸರೀನಾ? ಕೊನೇ ಭೇಟಿ ಅನ್ನೋದನ್ನ ಮೊದಲೇ ಹೇಳಬಹುದಿತ್ತಲ್ವಾ? ಎಲ್ರೂ ಈ ಎಪಿಸೋಡ್‌ನ ಹೊಗಳ್ತಿದ್ದಾರೆ, ನಾನೂ ಹೊಗಳ್ತೀನಿ, ಆದ್ರೆ ಬ್ರಯೊನಿ ಮಾಡಿದ್ದು ಸರಿ ಅಂತ ಎಲ್ರೂ ಸುಮ್ನೆ ಒಪ್ಕೊಂಡಿರೋ ಹಾಗೆ ಕಾಣುತ್ತೆ, ಅದೇ ನನಗೆ ನುಂಗೋಕೆ ಆಗ್ತಿಲ್ಲ.

ಸಿಂಗಲ್‌ಟೇಕ್:
ಒಳ್ಳೇ ಪ್ರಶ್ನೆ. ಆದ್ರೆ ಬ್ರಯೊನಿ ಬಗ್ಗೆ ತೀರ್ಪು ಕೊಡೋಕೆ ಮುಂಚೆ ಕ್ಯಾಮೆರಾ ಏನು ಮಾಡ್ತಿದೆ ಅಂತ ನೋಡಿ, ನಮಗೆ ಹೀಗೆಲ್ಲ ಅನ್ಸೋಕೆ ಅರ್ಧ ಕಾರಣ ಅದೇ.

ನಾಲ್ಕೂ ಎಪಿಸೋಡ್ ಎಲ್ಲೂ ಕಟ್ ಇಲ್ದೇ ಒಂದೇ ಶಾಟ್‌ನಲ್ಲಿ ತೆಗೆದಿದ್ದು ಅಂತ ಎಲ್ರಿಗೂ ಗೊತ್ತು. ಒಂದೊಂದು ಎಪಿಸೋಡ್‌ಗೂ ಮೊದಲು ನಟರ ಜೊತೆ ರಿಹರ್ಸಲ್, ಆಮೇಲೆ ಕ್ಯಾಮೆರಾ ತಂಡದ ಜೊತೆ ರಿಹರ್ಸಲ್, ಅದಾದ್ಮೇಲೆ ಒಂದು ವಾರ ಶೂಟಿಂಗ್, ದಿನಕ್ಕೆ ಎರಡು ಟೇಕ್, ಹೀಗೆ ಮಾಡಿದ್ರು. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ, ಮೊದಲು ಶೂಟ್ ಮಾಡಿದ್ದೇ ಈ ಮೂರನೇ ಎಪಿಸೋಡು. ಅಂದ್ರೆ ಜೇಮಿ ಪಾತ್ರದ ಓವನ್ ಕೂಪರ್ ಅನ್ನೋ ಹುಡುಗ ಜೀವನದಲ್ಲೇ ಮೊದಲ ಸಲ ಕ್ಯಾಮೆರಾ ಮುಂದೆ ಕೂತಿದ್ದು ಈ ರೂಮಲ್ಲಿ, ಎದುರಿಗೆ ಎರಿನ್ ಡೊಹರ್ಟಿ ಥರದ ನಟಿ, ಐವತ್ತು ನಿಮಿಷದಲ್ಲಿ ಒಂದು ಕಡೆ ತಪ್ಪಿದ್ರೂ ಮತ್ತೆ ಮೊದಲಿಂದ. ಮಧ್ಯದಲ್ಲಿ ಅವನು ಆಕಳಿಸ್ತಾನಲ್ಲ, ಅದು ಸ್ಕ್ರಿಪ್ಟ್‌ನಲ್ಲಿ ಇರ್ಲಿಲ್ಲ, ನಿಜವಾಗ್ಲೂ ಬಂದ ಆಕಳಿಕೆ, ಬೋರ್ ಆಗ್ತಿದ್ಯಾ ಅಂತ ಅವಳು ಕೇಳಿದ್ದು ಆ ಕ್ಷಣದಲ್ಲೇ ಹುಟ್ಟಿದ ಮಾತು. ಅವನು ತುಟಿ ಅಂಚಲ್ಲಿ ನಗ್ತಾನೆ ನೋಡಿ, ಆ ನಗು ಯಾವ ಡೈರೆಕ್ಟರ್ ಹೇಳಿದ್ರೂ ಬರಲ್ಲ. 2025ರ ಎಮ್ಮಿಯಲ್ಲಿ (ಅಮೆರಿಕದ ಟಿವಿ ಪ್ರಶಸ್ತಿ) ಇಬ್ರಿಗೂ ಪ್ರಶಸ್ತಿ ಬಂತು, ಹುಡುಗನಿಗೆ ಆಗ ಹದಿನೈದು ವರ್ಷ, ನಟನೆಗೆ ಎಮ್ಮಿ ತಗೊಂಡ ಹುಡುಗರಲ್ಲಿ ಅವನೇ ಅತಿ ಚಿಕ್ಕವನು.

ಈಗ ವಿಷಯಕ್ಕೆ ಬರ್ತೀನಿ. ಮಾಮೂಲಿ ಕ್ರೈಮ್ ಸೀರೀಸ್‌ನಲ್ಲಿ ವಿಚಾರಣೆ ಸೀನ್ ಅಂದ್ರೆ ಪ್ರಶ್ನೆ ಕೇಳಿದವರ ಮುಖ, ಕಟ್, ಉತ್ತರ ಕೊಡೋರ ಮುಖ, ಕಟ್, ಬೆವರು, ಕಟ್, ಕೈ ಬೆರಳು, ಅಂದ್ರೆ ಎಲ್ಲಿ ನೋಡ್ಬೇಕು ಅಂತ ಎಡಿಟರ್ ನಮಗೆ ಹೇಳ್ತಾ ಹೋಗ್ತಾರೆ. ಇಲ್ಲಿ ಕ್ಯಾಮೆರಾ ಟೇಬಲ್ ಸುತ್ತ ನಿಧಾನಕ್ಕೆ ತಿರುಗ್ತಾ ಇರುತ್ತೆ, ಹಾಗಾಗಿ ಎಷ್ಟೋ ಸಲ ಮಾತಾಡ್ತಿರೋರ ಮುಖ ಕಾಣೋದೇ ಇಲ್ಲ, ಕೇಳಿಸ್ಕೊಳ್ತಿರೋರ ಮುಖ ಮಾತ್ರ ಕಾಣುತ್ತೆ. ಜೇಮಿ ಕೂಗುವಾಗ ನಾವು ಬ್ರಯೊನಿ ಮುಖ ನೋಡ್ತಾ ಕೂತಿರ್ತೀವಿ. ಅವನು ಜೋರು ಮಾಡಿದ ಮೇಲೆ ಅವಳು ಹೊರಗೆ ಹೋಗ್ತಾಳಲ್ಲ, ಆಗ ಕ್ಯಾಮೆರಾನೂ ಅವಳ ಜೊತೆ ಹೊರಗೆ ಬಂದುಬಿಡುತ್ತೆ, ಕಟ್ ಇಲ್ದೇ ಇರೋದ್ರಿಂದ ನಾವು ಒಳಗೆ ಆ ಹುಡುಗನ ಜೊತೆ ಉಳಿಯೋಕೆ ಆಗಲ್ಲ. ಕಾರಿಡಾರ್‌ನಲ್ಲಿ ನಿಂತು ಉಸಿರು ಸರಿ ಮಾಡ್ಕೊಳ್ತಾಳೆ ನೋಡಿ, ಬೇಕಾಗಿದ್ದು ಕಿತ್ಕೊಂಡು ಹೋಗೋಕೆ ಬಂದವಳ ಥರ ಕಂಡ್ಲಾ ನಿಮಗೆ? ನನಗೆ ಕಾಣ್ಲಿಲ್ಲ.

ಮಾತು_ಮೌನ:
ನಾನು ಮಕ್ಕಳ ಕೌನ್ಸೆಲಿಂಗ್ ಮಾಡೋಳು, ಆದ್ರಿಂದ ಈ ಎಪಿಸೋಡ್ ನೋಡೋವಾಗ ನನಗೆ ಕಥೆಗಿಂತ ಬ್ರಯೊನಿ ಕೆಲಸದ ಮೇಲೇ ಕಣ್ಣು.

ಒಂದು ವಿಷಯ ಸ್ಪಷ್ಟ ಮಾಡ್ಕೊಳ್ಳಿ, ಅವಳು ಅವನ ಥೆರಪಿಸ್ಟ್ ಅಲ್ಲ. ಥೆರಪಿಸ್ಟ್ ಆದ್ರೆ ಆ ಮಗುವಿನ ಒಳ್ಳೇದಕ್ಕೆ ಕೂತಿರ್ತಾರೆ, ಹೇಳಿದ್ದು ಬಹುಮಟ್ಟಿಗೆ ಅಲ್ಲೇ ಉಳಿಯುತ್ತೆ. ಇವಳು ಕೋರ್ಟ್‌ಗೆ ವರದಿ ಬರೆಯೋಳು, ಅವನು ಹೇಳಿದ್ದೆಲ್ಲ ಜಡ್ಜ್ ಟೇಬಲ್‌ಗೆ ಹೋಗುತ್ತೆ. ಅವಳ ಕೆಲಸ ಕೊಲೆ ಮಾಡಿದ್ಯಾ ಇಲ್ವಾ ಅಂತ ಬಾಯಿ ಬಿಡಿಸೋದೂ ಅಲ್ಲ, ಅದು ಪೊಲೀಸ್ ಕೆಲಸ. ಏನು ನಡೀತಿದೆ ಅಂತ ಅವನಿಗೆ ಎಷ್ಟು ಅರ್ಥ ಆಗಿದೆ, ಸಾವು ಅಂದ್ರೆ ಏನು, ಕೇಟಿ ಇನ್ನು ಬರಲ್ಲ ಅನ್ನೋದು ಅವನ ಒಳಗೆ ಇಳಿದಿದ್ಯಾ, ಅದನ್ನ ನೋಡೋದು. ಅದಕ್ಕೇ ಅಪ್ಪ, ತಾತ, ಗಂಡಸ್ತನ, ಹುಡುಗೀರು ಅಂತ ಸುತ್ತಿ ಸುತ್ತಿ ಕೇಳ್ತಾಳೆ. ಇಂಗ್ಲೆಂಡ್‌ನಲ್ಲಿ ಹತ್ತು ವರ್ಷ ತುಂಬಿದ ಮಗುವನ್ನೂ ಅಪರಾಧಕ್ಕೆ ಹೊಣೆ ಮಾಡಬಹುದು ಅನ್ನೋ ಕಾನೂನಿದೆ, ಹಾಗಿದ್ಮೇಲೆ ಹದಿಮೂರರ ಹುಡುಗನ ಮನಸ್ಸಲ್ಲಿ ಏನಿದೆ ಅಂತ ಯಾರಾದ್ರೂ ಕೂತು ತಾಳ್ಮೆಯಿಂದ ಕೇಳ್ಲೇಬೇಕು, ಅದು ಅವನಿಗೇ ಅನುಕೂಲ.

ಮೊದಲನೇ ಎಪಿಸೋಡ್‌ನ ಪೊಲೀಸ್ ವಿಚಾರಣೆ ನೆನಪಿಸ್ಕೊಳ್ಳಿ. ಅಲ್ಲಿ ಪಕ್ಕದಲ್ಲಿ ವಕೀಲ ಇದ್ದಾರೆ, ಅಪ್ಪ ಇದ್ದಾರೆ, ಜೊತೆಗೆ ಕೂರೋಕೆ ಅಮ್ಮ ಬೇಕಾ ಅಪ್ಪ ಬೇಕಾ ಅಂದಾಗ ಅವನು ಆರಿಸ್ಕೊಂಡಿದ್ದು ಅಪ್ಪನ್ನೇ. ಮೂರನೇದ್ರಲ್ಲಿ ಯಾರೂ ಇಲ್ಲ. ಅಪ್ಪನ ಕಣ್ಣು ಮೇಲಿಲ್ದೇ ಇದ್ದಾಗ ಅವನು ಅಪ್ಪನ ಬಗ್ಗೆ ಏನು ಹೇಳ್ತಾನೆ ಅನ್ನೋದೇ ಈ ಎಪಿಸೋಡ್‌ನ ಜೀವ. ಫುಟ್‌ಬಾಲ್ ಆಡುವಾಗ ತಾನು ಎಡವಿದ್ರೆ ಅಪ್ಪ ಮುಖ ಆ ಕಡೆ ತಿರುಗಿಸ್ಕೊಳ್ತಿದ್ರು ಅಂತ ಹೇಳ್ತಾನಲ್ಲ, ಅಪ್ಪನ ಮೇಲೆ ಒಂದು ಚೂರೂ ದೂರು ಬರದ ಹಾಗೆ ಹೇಳ್ತಾನೆ. ಆಮೇಲೆ ನಾಲ್ಕನೇ ಎಪಿಸೋಡ್‌ನಲ್ಲಿ ಅಪ್ಪ ಎಡ್ಡಿ ಅದೇ ವಿಷಯನ ಹೆಂಡತಿ ಹತ್ರ ಹೇಳ್ಕೊಂಡು ಅಳ್ತಾನೆ. ಒಂದೇ ಘಟನೆ, ಎರಡು ಎಪಿಸೋಡ್, ಇಬ್ರೂ ಅದನ್ನ ಒಬ್ರಿಗೊಬ್ರು ಯಾವತ್ತೂ ಹೇಳ್ಕೊಂಡಿಲ್ಲ. ನನಗೆ ಇಡೀ ಸೀರೀಸ್‌ನಲ್ಲಿ ಕರುಳು ಹಿಂಡಿದ್ದು ಇದು.

ನಿಮ್ಮ ಇನ್ನೊಂದು ಪ್ರಶ್ನೆ, ಕೊನೇ ಭೇಟಿ ಅಂತ ಮೊದಲೇ ಹೇಳ್ಬೇಕಿತ್ತಾ. ಇಲ್ಲಿ ನಾನು ನಿಮ್ಮ ಕಡೆ. ನಮ್ಮ ಕೆಲಸದಲ್ಲಿ ಮಕ್ಕಳಿಗೆ ಮುಕ್ತಾಯದ ಸುದ್ದಿ ಆದಷ್ಟು ಬೇಗ ಹೇಳಿ, ಅವರು ಅದಕ್ಕೆ ಒಗ್ಗೋಕೆ ಟೈಮ್ ಕೊಡ್ಬೇಕು ಅನ್ನೋದು ಮೊದಲು ಕಲಿಯೋ ಪಾಠ. ಆದ್ರೆ ನನಗೆ ಕಂಡ ಹಾಗೆ ಅವಳು ಒಳಗೆ ಬರುವಾಗಲೇ ತೀರ್ಮಾನ ಮಾಡಿರ್ಲಿಲ್ಲ, ಕೂತಲ್ಲೇ ಒಂದು ಘಟ್ಟದಲ್ಲಿ ಸಾಕು ಅನ್ಸಿದೆ. ವರದಿಗೆ ಸಾಕು ಅನ್ಸಿತೋ, ತನ್ನ ಕೈಲಿ ಆಗಲ್ಲ ಅನ್ಸಿತೋ, ಅದನ್ನ ಅವರು ಬಿಡಿಸಿ ಹೇಳಲ್ಲ.

ಕಡಕ್_ಕ್ರೈಮ್:
ಎಲ್ರೂ ಹೀಗೆ ಹೊಗಳ್ತಾ ಇದ್ರೆ ಬೇರೆ ಮಾತು ಹೇಳೋದು ಕಷ್ಟ, ಆದ್ರೂ ಹೇಳ್ತೀನಿ. ಕ್ರೈಮ್ ಡ್ರಾಮಾ ಅಂತ ನೋಡೋಕೆ ಕೂತವನಿಗೆ ಈ ಎಪಿಸೋಡ್‌ನಲ್ಲಿ ತನಿಖೆ ಒಂದು ಹೆಜ್ಜೆನೂ ಮುಂದೆ ಹೋಗಲ್ಲ. ಕೊಲೆ ಯಾರು ಮಾಡಿದ್ದು ಗೊತ್ತು, ಹೇಗೆ ಅಂತ ಗೊತ್ತು, ಯಾಕೆ ಅಂತ ಎರಡನೇ ಎಪಿಸೋಡ್‌ನಲ್ಲೇ ಇನ್‌ಸ್ಪೆಕ್ಟರ್ ಬ್ಯಾಸ್ಕಂಬ್ ಮಗ, ಕೇಟಿ ಇನ್‌ಸ್ಟಾಗ್ರಾಮ್‌ನಲ್ಲಿ ಜೇಮಿಗೆ ಹಾಕಿದ್ದ ಎಮೋಜಿಗಳ ಅರ್ಥ ಬಿಡಿಸಿ ಹೇಳಿದಾಗ ಮುಕ್ಕಾಲು ಗೊತ್ತಾಗೋಗುತ್ತೆ. ನನಗೆ ಮೊದಲನೇ ಎಪಿಸೋಡ್ ಇದಕ್ಕಿಂತ ನೂರು ಪಾಲು ಮೇಲು, ಬೆಳಗ್ಗೆ ಬಾಗಿಲು ಒಡೆದು ನುಗ್ಗೋದರಿಂದ ಹಿಡಿದು ಬೆರಳಚ್ಚು, ಫೋಟೋ, ರಕ್ತ ತಗೊಳ್ಳೋದು, ವಕೀಲರು ಬರೋ ತನಕ ಕಾಯೋದು, ಸ್ಟೇಷನ್‌ನ ಒಂದೊಂದು ನಿಯಮನೂ ಬೇಸರ ಇಲ್ದೇ ತೋರಿಸಿದ್ರು, ಅದು ತನಿಖೆ.

ಆದ್ರೆ ನನ್ನ ನಿಜವಾದ ತಕರಾರು ಅದಲ್ಲ. ಈ ಐವತ್ತು ನಿಮಿಷದಲ್ಲಿ ಕೇಟಿ ಎಲ್ಲಿದ್ದಾಳೆ? ಸತ್ತ ಹುಡುಗಿ ಅವಳು. ನಾವೆಲ್ಲ ಇಲ್ಲಿ ಕೂತು ಜೇಮಿಗೆ ಇಷ್ಟ ಪಟ್ರಾ ಅನ್ನೋದಕ್ಕೆ ಉತ್ತರ ಸಿಕ್ಕಿಲ್ಲ ಅಂತ ಮರುಗ್ತಾ ಇದೀವಿ, ಕೇಟಿ ಅಮ್ಮನಿಗೆ ಯಾವ ಉತ್ತರ ಸಿಕ್ತು ಅಂತ ಯಾರೂ ಕೇಳ್ತಿಲ್ಲ. ಎರಡನೇ ಎಪಿಸೋಡ್‌ನಲ್ಲಿ ಆ ಮಹಿಳಾ ಸಾರ್ಜೆಂಟ್ ಇದನ್ನೇ ಹೇಳ್ತಾಳೆ, ಕೊನೆಗೆ ಎಲ್ರೂ ನೆನಪಿಟ್ಕೊಳ್ಳೋದು ಜೇಮಿನ, ಅವಳನ್ನಲ್ಲ ಅಂತ. ಬಾಯಲ್ಲಿ ಹೇಳಿಸಿ, ಆಮೇಲೆ ಸೀರೀಸ್ ತಾನೇ ಅದನ್ನ ಮಾಡಿದ್ರೆ ಅದಕ್ಕೆ ಏನನ್ನಬೇಕು?

ನೀಲಿಛತ್ರಿ:
ಕಡಕ್ ಅವರೇ, ಕೇಟಿ ಮನೆಯವರನ್ನ ತೋರಿಸಲ್ಲ ಅನ್ನೋ ನಿಮ್ಮ ಮಾತು ನ್ಯಾಯವಾಗಿದೆ. ಆದ್ರೆ ಮೂರನೇ ಎಪಿಸೋಡ್‌ನಲ್ಲಿ ಕೇಟಿ ಇಲ್ಲ ಅಂದ್ರೆ ನಾನು ಒಪ್ಪಲ್ಲ. ನನ್ನ ಪ್ರಕಾರ ಆ ರೂಮಲ್ಲಿ ಕೇಟಿ ಜಾಗದಲ್ಲಿ ಕೂತಿರೋದು ಬ್ರಯೊನಿನೇ.

ಕೇಟಿ ಬಗ್ಗೆ ಜೇಮಿ ಏನು ಹೇಳ್ತಾನೆ ನೋಡಿ. ಅವಳ ಅರೆಬೆತ್ತಲೆ ಫೋಟೋ ಹುಡುಗರ ಫೋನ್‌ಗಳಲ್ಲೆಲ್ಲ ಓಡಾಡಿ ಅವಳು ಕುಗ್ಗಿದ್ದಾಗ, ಈಗ ಕೇಳಿದ್ರೆ ಒಪ್ತಾಳೆ ಅಂತ ಲೆಕ್ಕ ಹಾಕಿ ಹೋಗಿ ಕೇಳಿದೆ ಅಂತಾನೆ. ತಾನು ಮಾಡಿದ್ದು ಜಾಣತನ ಅನ್ನೋ ಥರ ಹೇಳ್ತಾನೆ. ಅವಳು ಆಗಲ್ಲ ಅಂದ್ಲು. ಚಾಕು ಇದ್ದಾಗ ಅವಳನ್ನ ಎಲ್ಲಿ ಬೇಕಾದ್ರೂ ಮುಟ್ಟಬಹುದಿತ್ತು, ಬೇರೆ ಹುಡುಗರಾಗಿದ್ರೆ ಮುಟ್ಟಿರೋರು, ನಾನು ಮುಟ್ಟಲಿಲ್ಲ, ಹಾಗಾದ್ರೆ ನಾನೇ ಮೇಲಲ್ವಾ ಅಂತ ಕೇಳ್ತಾನೆ. ಆ ಮಾತು ಕೇಳಿ ನಾನು ಪಾಜ್ ಮಾಡಿ ಸುಮಾರು ಹೊತ್ತು ಹಾಗೇ ಕೂತಿದ್ದೆ. ತಾನು ಒಳ್ಳೆಯವನು ಅಂತ ಹೇಳ್ಕೊಳ್ಳೋಕೆ ಅವನಿಗೆ ಸಿಕ್ಕಿದ್ದು ಇದು, ಅದೂ ನಿಜವಾಗ್ಲೂ ನಂಬಿ ಹೇಳ್ತಿದ್ದಾನೆ.

ಈಗ ಬ್ರಯೊನಿ ಜೊತೆ ಏನಾಗುತ್ತೆ? ಅದೇ. ಅವಳು ಚೆನ್ನಾಗಿ ಮಾತಾಡಿಸಿದ್ಲು, ತಿನ್ನೋಕೆ ತಂದ್ಲು, ಆದ್ರಿಂದ ತನ್ನನ್ನ ಇಷ್ಟ ಪಡ್ಬೇಕು. ಕೂತ್ಕೋ ಅಂದಾಗ ನನಗೆ ಹೇಳೋಕೆ ನೀನ್ಯಾರು ಅಂತ ಮೈಮೇಲೆ ಬರ್ತಾನೆ, ಅವಳು ಬೆಚ್ಚಿಬಿದ್ದಿದ್ದು ಕಂಡು ಹದಿಮೂರು ವರ್ಷದವನಿಗೆ ಹೆದ್ರುತ್ತೀಯಾ ಅಂತ ಅಣಕಿಸ್ತಾನೆ. ಹೆದರಿಸಿದ ಖುಷಿ ಅವನ ಮುಖದಲ್ಲಿ ಕಾಣುತ್ತೆ. ತಕ್ಷಣ ಮತ್ತೆ ಮಗು ಆಗ್ತಾನೆ. ಇದನ್ನ ಅನುಭವಿಸಿರೋ ಹೆಂಗಸರು ಯಾರನ್ನ ಬೇಕಾದ್ರೂ ಕೇಳಿ, ಈ ಏರಿಳಿತ ಗೊತ್ತಿರುತ್ತೆ, ಕೂಗಾಟ, ಆಮೇಲೆ ಮೃದು, ಆಮೇಲೆ ನಾನು ಅಂದ್ರೆ ಇಷ್ಟ ಇಲ್ವಾ ಅನ್ನೋ ಪ್ರಶ್ನೆ. ಆ ಪ್ರಶ್ನೆಗೆ ಅವಳು ಹೌದು ಅಂದ್ರೆ ಅವನ ಲೆಕ್ಕ ಸರಿ ಅಂತ ಒಪ್ಕೊಂಡ ಹಾಗೆ. ಇಲ್ಲ ಅಂದ್ರೆ ಕೇಟಿ ಕೊಟ್ಟ ಉತ್ತರನೇ ಕೊಟ್ಟ ಹಾಗೆ. ಅವಳು ಸುಮ್ನಿದ್ದಿದ್ದು ಕ್ರೂರತನ ಅಲ್ಲ, ಅವಳಿಗೆ ಉಳಿದಿದ್ದ ಒಂದೇ ದಾರಿ ಅದು.

ಇನ್ನೊಂದು, ವಿಕ್ಟರ್ ಬಗ್ಗೆ ಯಾರೂ ಬರೆದಿಲ್ಲ! ಅಲ್ಲಿ ಕೆಲಸ ಮಾಡೋ ಆ ಮನುಷ್ಯ. ಬೇಡ ಅಂದ್ರೂ ಮಾತಿಗೆ ಎಳೀತಾ ಇರ್ತಾನೆ, ಹತ್ರ ಬಂದು ನಿಲ್ತಾನೆ, ಅವಳು ನಯವಾಗಿ ನಗ್ತಾ ಹಿಂದೆ ಸರೀತಾಳೆ. ಅವನು ಕೆಟ್ಟವನಲ್ಲ, ಏನೂ ಮಾಡಲ್ಲ. ಆದ್ರೂ ಒಳಗೆ ಹದಿಮೂರರ ಹುಡುಗ, ಹೊರಗೆ ವಯಸ್ಸಾದ ಗಂಡಸು, ಎರಡೂ ಕಡೆ ಅವಳು ತನ್ನ ಮುಖದ ನಗುನ ಹಿಡ್ಕೊಂಡೇ ಇರ್ಬೇಕು. ಕೊನೇಲಿ ರೂಮಲ್ಲಿ ಒಬ್ಬಳೇ ಉಳಿದಾಗ ಉಸಿರು ಕಟ್ಟಿದ ಹಾಗೆ ಅಳ್ತಾಳಲ್ಲ, ಅದು ಜೇಮಿ ಒಬ್ಬನಿಂದ ಬಂದಿದ್ದಲ್ಲ ಅಂತ ನನಗನ್ಸುತ್ತೆ.

ತಡರಾತ್ರಿ_ನೋಡುಗ:
ಎಲ್ರಿಗೂ ಥ್ಯಾಂಕ್ಸ್, ಇಷ್ಟು ಚೆನ್ನಾಗಿ ಬರೀತೀರಾ ಅಂತ ಅಂದ್ಕೊಂಡಿರ್ಲಿಲ್ಲ. ನೀಲಿಛತ್ರಿ ಮೇಡಂ, ಹೌದು ಇಲ್ಲ ಎರಡೂ ಉತ್ತರ ಆಗಲ್ಲ ಅಂದಿದ್ದು ನನಗೆ ತಟ್ಟಿತು. ಆದ್ರೂ ಒಂದು ವಿಷಯದಲ್ಲಿ ನಾನು ನನ್ನ ಮಾತಿಗೇ ಅಂಟ್ಕೊಳ್ತೀನಿ. ಅವನು ದೊಡ್ಡವನಾಗಿದ್ರೆ ನೀವು ಹೇಳಿದ್ದಕ್ಕೆ ನನ್ನ ಎರಡನೇ ಮಾತಿಲ್ಲ. ಹದಿಮೂರು ವರ್ಷ. ತಾನು ಕುರೂಪಿ ಅಂತ ಅವನು ಹೇಳ್ದಾಗ ಅವಳು ಇಲ್ಲಪ್ಪ ಅಂತ ಒಂದು ಮಾತು ಹೇಳಲ್ಲ, ಯಾಕೆ ಹಾಗನ್ಸುತ್ತೆ ಅಂತ ಮುಂದಿನ ಪ್ರಶ್ನೆಗೆ ಹೋಗ್ತಾಳೆ. ನಿಯಮದ ಪ್ರಕಾರ ಸರಿ ಇರಬಹುದು, ಮಾತು_ಮೌನ ಅವರು ವಿವರಿಸಿದ್ದು ಅರ್ಥ ಆಯ್ತು. ಆದ್ರೆ ಅವನ ಜೀವನದಲ್ಲಿ ದೊಡ್ಡವರು ಅನ್ನಿಸ್ಕೊಂಡೋರೆಲ್ಲ ಒಂದಲ್ಲ ಒಂದು ಕಾರಣಕ್ಕೆ ಮುಖ ತಿರುಗಿಸ್ಕೊಂಡಿದ್ದಾರೆ, ಅಪ್ಪ ಮೈದಾನದಲ್ಲಿ, ಟೀಚರ್‌ಗಳು ಆ ಶಾಲೇಲಿ, ಈಗ ಇವಳು. ಆ ವ್ಯವಸ್ಥೇಲಿ ಮಗು ಜೊತೆ ಪೂರ್ತಿ ಕೂರೋರು ಯಾರೂ ಇಲ್ವಾ ಅನ್ನೋದು ನನ್ನ ಸಂಕಟ. ಬ್ರಯೊನಿ ಮೇಲೆ ಕೋಪ ಅಲ್ಲ.

ಮಾತು_ಮೌನ:
ನೀವು ಹೇಳ್ತಿರೋದು ಸರಿಯಾದ ಜಾಗಕ್ಕೇ ಬಂತು. ಕುರೂಪಿ ಅಂದಾಗ ಇಲ್ಲ ಅನ್ನದೇ ಇರೋದು ನೋಡೋಕೆ ಕಷ್ಟ, ನಿಜ. ಆದ್ರೆ ಆ ಕ್ಷಣದಲ್ಲಿ ಅವಳು ಇಲ್ಲ ಅಂದಿದ್ರೆ ಜೇಮಿ ಅಲ್ಲಿಂದ ಮುಂದೆ ಅವಳಿಗೆ ಇಷ್ಟ ಆಗೋ ಉತ್ತರಗಳನ್ನೇ ಕೊಡ್ತಿದ್ದ. ಅವನು ಬಂದಾಗಿನಿಂದ ಅದನ್ನೇ ಮಾಡ್ತಿದ್ದಾನೆ, ಅವಳ ಮುಖ ನೋಡಿ ನೋಡಿ ಉತ್ತರ ಬದಲಾಯಿಸ್ತಾನೆ. ಸಮಾಧಾನ ಹೇಳೋದು ಸುಲಭ, ಹೇಳದೇ ಅವನ ಎದುರಿಗೆ ಕೂತಿರೋದಕ್ಕೆ ಎಷ್ಟು ಶಕ್ತಿ ಬೇಕು ಅಂತ ನನಗೆ ಗೊತ್ತು. ಅವಳ ಪಾತ್ರ ಬರೆದವರಿಗೂ ಗೊತ್ತಿರಬೇಕು, ಯಾಕಂದ್ರೆ ಜೋರಾಗಿ ಮಾತಾಡೋದು ಬಿಟ್ಟು ಅವಳ ಕೈಲಿ ಎಲ್ಲವನ್ನೂ ಮಾಡಿಸಿದ್ದಾರೆ, ಕಾಗದ ಜೋಡಿಸೋದು, ಕುರ್ಚಿ ಸರಿಸೋದು, ಕಪ್ ಕಡೆ ನೋಡೋದು.

ಕಡಕ್_ಕ್ರೈಮ್:
ಬ್ರಯೊನಿನೇ ಕೇಟಿ ಜಾಗದಲ್ಲಿ ಕೂತಿದ್ದಾಳೆ ಅನ್ನೋದು ನನಗೆ ಹೊಳೆದಿರ್ಲಿಲ್ಲ, ಆ ಕಣ್ಣಿಂದ ಇನ್ನೊಂದ್ಸಲ ನೋಡ್ತೀನಿ. ಕೇಟಿ ಮನೆಯವರ ಬಗ್ಗೆ ನನ್ನ ತಕರಾರು ಹಾಗೇ ಇರುತ್ತೆ. ನಾಲ್ಕು ಎಪಿಸೋಡ್‌ನಲ್ಲಿ ಒಂದನ್ನ ಅವರ ಮನೇಲಿ ಇಟ್ಟಿದ್ರೆ ಸೀರೀಸ್‌ನ ತೂಕ ಕಮ್ಮಿ ಆಗ್ತಿರ್ಲಿಲ್ಲ.

ಒಂದು ಸಂಶಯ ಇದೆ, ಯಾರಾದ್ರೂ ಹೇಳಿ. ನಾಲ್ಕನೇದ್ರಲ್ಲಿ, ಅಂದ್ರೆ ಕೊಲೆ ಆಗಿ ಹದಿಮೂರು ತಿಂಗಳಿಗೆ, ಅಪ್ಪನ ಐವತ್ತನೇ ಹುಟ್ಟುಹಬ್ಬದ ದಿನ ಜೇಮಿ ಫೋನ್ ಮಾಡಿ ತಪ್ಪೊಪ್ಪಿಕೊಳ್ತೀನಿ ಅಂತಾನೆ. ಏಳನೇ ತಿಂಗಳಲ್ಲಿ ಬ್ರಯೊನಿ ಎದುರು ಒಪ್ಪದೇ ಇದ್ದವನು ಆಮೇಲೆ ಯಾಕೆ ಬದಲಾದ? ಈ ಭೇಟಿನೇ ಕಾರಣನಾ?

ನೀಲಿಛತ್ರಿ:
ಸೀರೀಸ್ ಅದನ್ನ ಬಾಯಿಬಿಟ್ಟು ಹೇಳಲ್ಲ, ಆ ಆರು ತಿಂಗಳು ನಮಗೆ ತೋರಿಸೋದೇ ಇಲ್ಲ. ನನ್ನ ಓದು ಏನಂದ್ರೆ, ಅವನ ಸುತ್ತ ಇದ್ದೋರಲ್ಲಿ ಅವನ ಕಥೆಗೆ ತಲೆ ಆಡಿಸದೇ ಎದ್ದು ಹೋದವಳು ಅವಳೊಬ್ಬಳೇ. ಅಪ್ಪ ಮೊದಲ ದಿನ ನೀನು ಮಾಡಿಲ್ಲ ತಾನೇ ಅಂತ ಕೇಳ್ದಾಗ ಇಲ್ಲ ಅಂದಿದ್ದ, ಆಮೇಲೆ ಆ ವಿಡಿಯೋ ನೋಡಿದ ಮೇಲೂ ಅಪ್ಪನ ಎದುರು ಆ ಮಾತನ್ನ ವಾಪಸ್ ತಗೊಳ್ಳೋಕೆ ಆಗಿರ್ಲಿಲ್ಲ. ಹುಟ್ಟುಹಬ್ಬದ ಫೋನ್ ಅಪ್ಪನಿಗೇ ಬರುತ್ತೆ ನೋಡಿ, ವಕೀಲರ ಮೂಲಕ ಹೇಳಿ ಕಳಿಸಲ್ಲ. ಅಪ್ಪನಿಗೆ ಹೇಳೋ ಧೈರ್ಯ ಬಂದಿದ್ದು ಬ್ರಯೊನಿಯಿಂದ ಅಂತ ನಾನು ಅನ್ನಲ್ಲ. ಆದ್ರೆ ಕೂಗಾಡಿದ್ರೂ, ಮೃದುವಾಗಿ ಬೇಡಿದ್ರೂ ಬಗ್ಗದ ಒಬ್ಬರನ್ನ ಅವನು ಮೊದಲು ನೋಡಿದ್ದು ಆ ರೂಮಲ್ಲೇ.

ಸಿಂಗಲ್‌ಟೇಕ್:
ಇದಕ್ಕೆ ಒಂದು ಸೇರಿಸ್ತೀನಿ. ಆ ಫೋನ್ ಬರೋವಾಗ ಮನೆಯವರೆಲ್ಲ ವ್ಯಾನ್‌ನಲ್ಲಿ ಕೂತಿರ್ತಾರೆ, ಅವನ ಧ್ವನಿ ಮಾತ್ರ ಕೇಳುತ್ತೆ. ಮೂರನೇದ್ರಲ್ಲಿ ಅವನ ಮುಖನ ಅಷ್ಟು ಹತ್ರದಿಂದ ನೋಡಿದ ನಮಗೆ ನಾಲ್ಕನೇದ್ರಲ್ಲಿ ಮುಖನೇ ಸಿಗಲ್ಲ. ಕಡಕ್ ಅವರೇ, ಮತ್ತೆ ನೋಡೋದಾದ್ರೆ ಮೂರು ಮತ್ತು ನಾಲ್ಕನ್ನ ಒಂದೇ ದಿನ ಬಿಡದೇ ನೋಡಿ, ಹೆಡ್‌ಫೋನ್ ಹಾಕ್ಕೊಂಡು. ಮೂರನೇದ್ರಲ್ಲಿ ಮಳೆ ಮತ್ತೆ ಕಾರಿಡಾರ್ ಶಬ್ದದ ಕಡೆ ಗಮನ ಕೊಡಿ, ಟಿವಿ ಸ್ಪೀಕರ್‌ನಲ್ಲಿ ಅರ್ಧ ಹೋಗಿಬಿಡುತ್ತೆ.